ಹಸಿರು ಬಟ್ಟೆಯ ರೊಟ್ಟಿ

ಗಂಗಾ ಇವತ್ತು ಬರಬಾರದಿತ್ತು. ಬಂದಳು. ಬೈಯಪ್ಪನಹಳ್ಳಿಯ ರೈಲ್ವೆ ಗೇಟು ದಾಟುವಾಗಲೇ ಅವಳ ಕಾಲುಂಗುರದ ಸದ್ದು ತನಗೆ ಕೇಳಿಸಿತೆಂದು ಸುಭದ್ರಮ್ಮ ಯಾವ ದೇವರ ಮುಂದೆ ಬೇಕಾದರೂ ಆಣೆ ಇಡುತ್ತಿದ್ದಳು. ನಡುವೆ ಒಂದು ಗೂಡ್ಸ್ ಗಾಡಿ ಮುಗಿಯದೆ ಹರಿಯುತ್ತಿತ್ತು, ಹಳೇ ಮದ್ರಾಸು ರಸ್ತೆಯಲ್ಲಿ ಭೂಮಿಯ ಮೇಲಿನ ಲಾರಿಗಳೆಲ್ಲ ಒಟ್ಟಿಗೆ ಹಾರ್ನು ಹೊಡೆಯುತ್ತಿದ್ದವು, ತನ್ನ ಖಾನಾವಳಿಯ ಒಳಗೆ ರಾಜೇಶ್ವರಿ ಮತ್ತು ಇನ್ನಿಬ್ಬರು ಹೆಂಗಸರು ಪಟಪಟ ರೊಟ್ಟಿ ಬಡಿಯುತ್ತಿದ್ದರು, ಆದರೂ ಕೇಳಿಸಿತು. ಬೇಡದ ಸದ್ದಿಗೆ ಮನುಷ್ಯರ ಕಿವಿ ಆನೆಯ ಕಿವಿಯಷ್ಟು ಅಗಲವಾಗಿಬಿಡುತ್ತದೆ. ಬದನೆಕಾಯಿ ಹೆಚ್ಚುತ್ತಿದ್ದ ಅವಳು ಈಳಿಗೆ ಬಿಟ್ಟು, ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, ನಾಲ್ಕನೆಯ ಒಲೆಯ ಕಡೆ ನೋಡಿದಳು. ಅದು ಗಂಗಾಳ ಒಲೆ. ಮುಂಜಾನೆಯೇ ಸುಭದ್ರಮ್ಮ ಅದನ್ನು ತೊಳೆದು, ಅದರ ಹಂಚನ್ನು ಗೋಡೆಗೆ ಒರಗಿಸಿ ಇಟ್ಟಿದ್ದಳು. ಅಷ್ಟರಲ್ಲಿ ಗಂಗಾ ಬಾಗಿಲಲ್ಲಿ ನಿಂತಿದ್ದಳು, ಮೈಗೆ ಹೊಸ ಖಣದ ಕುಬಸ, ಮುಖಕ್ಕೆ ಒಂದು ಬಿಂದಿಗೆ ಅರಿಶಿಣ.

“ಅವ್ವ, ಹ್ಯಾಂಗ ಕಾಣ್ತದ ನೋಡು. ದರ್ಜಿ ಇವತ್ತ ಆಗಂಗಿಲ್ಲ ಅಂದ. ತವರಿನ ಖಣ ಅದಪ್ಪ, ಹೊಲಿದೇ ಕೊಡು ಅಂತ ಅವನ ಮಷಿನ್ ಮುಂದ ಕುಂತುಬಿಟ್ಟೆ.”

ಮೊನ್ನೆಯ ತನಕ ಅವಳ ಬಾಯಲ್ಲಿ ಅವ್ವಾರೆ ಇತ್ತು, ನೋಡ್ರಿ ಇತ್ತು. ಈಗ ಅವ್ವ, ನೋಡು. ಸುಭದ್ರಮ್ಮ ಚಂದ ಅದ ಅಂದಳು. ಅಷ್ಟು ಅಂದ ಬಾಯಿಗೆ ಮುಂದಿನ ಮಾತು ಹತ್ತಲಿಲ್ಲ. ಮುಂದಿನ ಮಾತೇನು ಅಂಥ ಭಾರದ್ದಲ್ಲ: ನಿನ್ನನ್ನು ಕೆಲಸದಿಂದ ಬಿಡಿಸಿದ್ದೇನೆ, ಇನ್ನು ಬರಬೇಡ. ತರಕಾರಿಯವನ ಜೊತೆ, ಗ್ಯಾಸಿನವನ ಜೊತೆ, ನೀರಿನ ಟ್ಯಾಂಕರಿನವನ ಜೊತೆ ಇದಕ್ಕಿಂತ ಸಾವಿರ ಪಾಲು ಕೆಟ್ಟ ಮಾತು ಆಡಿ ಪಳಗಿದ ನಾಲಗೆ ಅದು. ರಸೆಲ್ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರುವ ಅಹ್ಮದ್ ಪಾಷಾ, ಇವಳ ಸೆರಗಿನ ತುದಿ ಕಂಡರೆ ಸಾಕು, ಗೋಣಿಚೀಲದ ಹಿಂದೆ ಅವಿತುಕೊಂಡು ಅಂಗಡಿ ಮುಚ್ಚಿದೆ ಎಂದು ತಾನೇ ಕೂಗುತ್ತಿದ್ದನಂತೆ. ಅಂಥ ನಾಲಗೆ ಇವತ್ತು ಒದ್ದೆ ಬಟ್ಟೆಯ ಹಾಗೆ ಬಾಯೊಳಗೆ ಬಿದ್ದುಕೊಂಡಿತ್ತು. ಊಟದ ಹೊತ್ತಿಗೆ ಮೊದಲೇ ರಾಜಶೇಖರ ಬರುವವನಿದ್ದ, ಜೊತೆಗೆ ವೈಟ್‌ಫೀಲ್ಡ್ ಕಡೆಯ ಕಂಪನಿಯ ಕ್ಯಾಂಟೀನು ನೋಡಿಕೊಳ್ಳುವ ಚಲುವಯ್ಯನವರನ್ನು ಕರೆತರುವವನಿದ್ದ. ರೊಟ್ಟಿ ಕೆಡಿಸುತ್ತಿದ್ದ ಹೆಂಗಸು ಈಗ ಇಲ್ಲ ಎಂದು ಅವರಿಗೆ ಆಗಲೇ ಮಾತು ಹೋಗಿತ್ತು. ಇಲ್ಲದ ಹೆಂಗಸು ಇಲ್ಲಿ ಹೊಸ ಕುಬಸ ತೊಟ್ಟು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಲೆಯ ಕಡೆ ನಡೆಯುತ್ತಿದ್ದಳು.

ರಾಜಶೇಖರ ಸುಭದ್ರಮ್ಮನ ತಂಗಿಯ ಮಗ, ಇಂದಿರಾನಗರದ ಒಂದು ಆಫೀಸಿನಲ್ಲಿ ಮಂದಿಯ ಕೆಲಸ ಅಳೆಯುವುದೇ ಅವನ ಕೆಲಸ. ಒಳ್ಳೆಯ ಹುಡುಗ. ಅವನನ್ನು ಬೈಯಲು ಒಂದು ಕಾರಣ ಸಿಕ್ಕಿದ್ದರೆ ಸುಭದ್ರಮ್ಮನಿಗೆ ಎಷ್ಟೋ ಸುಖವಾಗುತ್ತಿತ್ತು. ಅವನೇ ಓಡಾಡಿ ಆ ಕ್ಯಾಂಟೀನಿನ ಊಟಕ್ಕೆ ಇವಳ ಜೋಳದ ರೊಟ್ಟಿ ಹೋಗುವ ಹಾಗೆ ಮಾಡಿದ್ದ, ಅವನೇ ಆದಿತ್ಯವಾರ ಬಂದು ರೊಟ್ಟಿಯ ಗಂಟು ಕಟ್ಟುತ್ತಿದ್ದ, ಒಂದು ಬಟ್ಟಲು ಶೇಂಗಾ ಹಿಂಡಿ ಬಿಟ್ಟರೆ ಏನನ್ನೂ ಮುಟ್ಟುತ್ತಿರಲಿಲ್ಲ. ಮೊದಲ ತಿಂಗಳು ಎಲ್ಲ ನೆಟ್ಟಗಿತ್ತು. ಆಮೇಲೆ ರೊಟ್ಟಿ ವಾಪಸು ಬರತೊಡಗಿತು. ಒಂದು ಅಂಚು ದಪ್ಪ, ಅಲ್ಲಿ ಹಸಿ. ಇನ್ನೊಂದು ಅಂಚು ಹಪ್ಪಳ, ಅಲ್ಲಿ ಸುಟ್ಟ ಕಲೆ. ವಾಪಸು ಬಂದ ರೊಟ್ಟಿಯ ಹಾಗೆ ನಾಚಿಕೆಗೆಟ್ಟ ವಸ್ತು ಲೋಕದಲ್ಲಿ ಇನ್ನೊಂದಿಲ್ಲ, ದಿಬ್ಬಣ ಹೋಗಿ ಮದುವೆಯಾಗದೆ ಮರಳಿದ ಮದುಮಗನ ಹಾಗೆ ಮೂಲೆಯಲ್ಲಿ ಕೂತಿರುತ್ತದೆ. ನಾಲ್ವರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಗ ರಾಜಶೇಖರ ಹೇಳಿದ್ದು ನ್ಯಾಯವಾಗಿಯೇ ಇತ್ತು. ಯಾರದು ಎಂದು ಗೊತ್ತಾಗದಿದ್ದರೆ ಎಲ್ಲರ ಮೇಲೂ ಅನುಮಾನ, ಗೊತ್ತಾದರೆ ಒಬ್ಬರನ್ನು ತಿದ್ದಬಹುದು. ಶಿವಾಜಿನಗರದಿಂದ ಬಣ್ಣದ ಬಟ್ಟೆ ತಂದ. ರಾಜೇಶ್ವರಿಯ ರೊಟ್ಟಿ ಹಳದಿ ಬಟ್ಟೆಯಲ್ಲಿ, ಇನ್ನಿಬ್ಬರದು ಕೆಂಪು ಮತ್ತು ನೀಲಿಯಲ್ಲಿ, ಗಂಗಾಳದು ಹಸಿರಿನಲ್ಲಿ. ಯಾವ ಬಣ್ಣ ವಾಪಸು ಬರುತ್ತದೋ ಅದು ಅವರ ಕೈ. ಸುಭದ್ರಮ್ಮನಿಗೆ ಬಣ್ಣವಿರಲಿಲ್ಲ. ಮಾಲಕಿಗೆ ಯಾಕೆ ಬಣ್ಣ ಎಂದು ಅವನೂ ಕೇಳಿಕೊಳ್ಳಲಿಲ್ಲ, ಅವಳೂ ಕೇಳಲಿಲ್ಲ.

ಗಂಗಾ ಗೋಡೆಗೆ ಒರಗಿಸಿದ ಹಂಚಿಗೆ ಕೈ ಹಾಕಿದಳು. ಬ್ಯಾಡ, ಅಂದಳು ಸುಭದ್ರಮ್ಮ. ಗಂಗಾ ತಿರುಗಿ ನೋಡಿದಳು. ಯಾಕ ಬ್ಯಾಡ ಎಂದು ಆ ಕಣ್ಣು ಕೇಳುತ್ತಿತ್ತು, ಆದರೆ ಆ ಕಣ್ಣಲ್ಲಿ ಭಯದ ಒಂದು ಎಳೆಯೂ ಇರಲಿಲ್ಲ. ಮೊನ್ನೆಯ ತನಕ ಇದ್ದ ಭಯ, ಮಾಲಕಿಯ ದನಿ ಏರಿದರೆ ಅವಳ ಭುಜ ಒಳಗೆ ಮಡಚಿಕೊಳ್ಳುತ್ತಿದ್ದ ರೀತಿ, ಎಲ್ಲ ಎಲ್ಲಿ ಹೋಯಿತು? ಮೊನ್ನೆ ನಾಗರ ಪಂಚಮಿಯ ದಿನ ಇಲ್ಲೇ ಅವಳ ಉಡಿಗೆ ಬಿದ್ದ ಅಕ್ಕಿಯ ಕೆಳಗೆ ಹೂತುಹೋಗಿತ್ತು. ರಾಜೇಶ್ವರಿ ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ, ಆದರೆ ಬಡಿತದ ತಾಳ ತಪ್ಪಿತು. ಅವಳಿಗೆ ಎಲ್ಲ ಗೊತ್ತಿತ್ತು. ಪೂರ್ತಿ ಅಲ್ಲ, ಅರ್ಧ. ಪೂರ್ತಿ ಗೊತ್ತಿದ್ದದ್ದು ಸುಭದ್ರಮ್ಮನಿಗೆ ಮತ್ತು ಅವಳ ಬಲಗೈಯ ಹೆಬ್ಬೆರಳಿಗೆ.

ಆ ಹೆಬ್ಬೆರಳು. ಹೋದ ವರ್ಷ ಊರಿಗೆಲ್ಲ ಕೀಲು ಹಿಡಿಯುವ ಜ್ವರ ಬಂದಾಗ ಬೈಯಪ್ಪನಹಳ್ಳಿಯಲ್ಲಿ ನೆಟ್ಟಗೆ ನಿಂತಿದ್ದದ್ದು ಸಿಗ್ನಲ್ ಕಂಬಗಳು ಮಾತ್ರ. ಸೆಂಟ್ರಿಂಗ್ ಕೆಲಸದವರು, ಗಾರೆಯವರು, ಆಫೀಸಿನವರು ಎಲ್ಲರೂ ಏಡಿಯ ಹಾಗೆ ಓಡಾಡಿದರು. ಗಂಗಾ ಮಲಗಿದಳು, ಎದ್ದಳು, ಅವಳ ಮಣಿಕಟ್ಟು ಮೊದಲಿಗಿಂತ ಗಟ್ಟಿಯಾಯಿತು. ಸುಭದ್ರಮ್ಮನೂ ಎದ್ದಳು, ಹೆಬ್ಬೆರಳು ಏಳಲಿಲ್ಲ. ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ. ಕೈಯೆಲ್ಲ ಎಣ್ಣಿ ಆಗ್ಯಾವ ನೀನೇ ತೆಗಿ ಎಂದು ರಾಜೇಶ್ವರಿಯ ಮುಂದೆ ನೆಪ ಹೇಳುತ್ತಿದ್ದಳು. ಕುಬಸದ ಗುಂಡಿ ಹಾಕಿಕೊಳ್ಳಲು ಬಾಗಿಲು ಮುಚ್ಚಿ ಹಲ್ಲು ಕಚ್ಚಿ ನಿಲ್ಲುತ್ತಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು, ನೋವಿಗಲ್ಲ, ಒಂದು ಗುಂಡಿ ತನ್ನನ್ನು ಸೋಲಿಸಿತಲ್ಲ ಎಂದು. ಗಂಡ ತೀರಿಕೊಂಡ ವರ್ಷ ಇದೇ ಓಣಿಯ ಬಾಗಿಲಲ್ಲಿ ಒಂದೇ ಒಲೆ ಹಚ್ಚಿಕೊಂಡು ಕೂತವಳು ಅವಳು. ಅವಳ ರೊಟ್ಟಿ ಎತ್ತಿ ಹಿಡಿದರೆ ಆಚೆ ಬದಿಗೆ ಹಲಸೂರು ಕೆರೆ ಕಾಣುತ್ತಿತ್ತು, ಕೆರೆಯಲ್ಲಿ ಮೀನು ಕಾಣುತ್ತಿತ್ತು, ಮೀನಿನ ಕಣ್ಣು ಕೂಡ. ರಾಯಚೂರಿನ, ಬೀದರಿನ, ಯಾದಗಿರಿಯ ಒಂಟಿ ಗಂಡಸರು ಬಾಡಿಗೆ ಕೋಣೆಗಳಿಂದ ಎದ್ದು ಬಂದು, ಮೊದಲ ತುತ್ತಿಗೆ ಸುಮ್ಮನಾಗಿ, ನಮ್ಮವ್ವನ ಕೈ ಇದು ಎನ್ನುತ್ತಿದ್ದರು. ಆ ಕೈ ಹೋಯಿತು ಎಂದರೆ ಏನು ಉಳಿಯಿತು? ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಒಂದು ಮುದುಕಿ. ಅದಕ್ಕೆ ಯಾರಿಗೂ ಹೇಳಲಿಲ್ಲ. ಹೇಳದಿದ್ದುದು ಮಾತ್ರವಲ್ಲ, ಸಾಯಂಕಾಲ ನಲ್ಲಿಗೆ ನೀರು ಬಿಡುವ ಹೊತ್ತಿಗೆ ಗಂಗಾ ಮನೆಗೆ ಹೋದ ಮೇಲೆ, ಹೆಂಗಸರು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ, ಅವಳ ಒಲೆಯ ಮುಂದೆ ಕೂತು, ಉಳಿದ ಹಿಟ್ಟನ್ನು ತಾನೇ ಬಡಿಯುತ್ತಿದ್ದಳು. ಇನ್ನೂ ಬರುತ್ತದೆ, ಕೈ ಎಲ್ಲಿ ಹೋಗುತ್ತದೆ, ಎಂದು ತನಗೆ ತಾನೇ ತೋರಿಸಿಕೊಳ್ಳಲು. ಬಡಿದ ರೊಟ್ಟಿ ಎಲ್ಲಿ ಇಡಬೇಕು? ಗಂಗಾಳ ಒಲೆಯ ಪಕ್ಕದಲ್ಲಿದ್ದದ್ದು ಗಂಗಾಳ ಬಟ್ಟೆ. ಹಸಿರು.

ಗಂಟು ವಾಪಸು ಬಂದ ದಿನ ರಾಜಶೇಖರ ಅದನ್ನು ಟೇಬಲ್ಲಿನ ಮೇಲೆ ಬಿಚ್ಚಿದ. ಹಸಿರು. ಮೇಲಿನ ರೊಟ್ಟಿಯ ದಪ್ಪ ಅಂಚಿನಲ್ಲಿ ಹೆಬ್ಬೆರಳು ಊರಿದ ಗುಳಿ ಇತ್ತು, ಕೂಸಿನ ಗಲ್ಲದ ಗುಳಿಯಷ್ಟು ಆಳ. ತನ್ನ ಹೆಬ್ಬೆರಳು ತನಗೆ ಗೊತ್ತಾಗುವುದಿಲ್ಲವೇ. ಗಂಗಾನದು ಅಂತ ಕಾಣ್ತದ ದೊಡ್ಡವ್ವ, ಅಂದ ಅವನು, ಮೆಲ್ಲಗೆ, ಸಂಕಟದಿಂದ. ಆಗ ಅಡುಗೆಮನೆಯಲ್ಲಿ ಬೇಳೆ ಉಕ್ಕುವ ಸದ್ದು ಬಂತು, ಅವಳು ಉರಿ ಸಣ್ಣ ಮಾಡಲು ಎದ್ದು ಹೋದಳು. ಉರಿ ಸಣ್ಣ ಮಾಡಲು ಎಷ್ಟು ಹೊತ್ತು ಬೇಕು. ಅಲ್ಲೇ ನಿಂತಳು, ಸೌಟು ಹಿಡಿದು ನಿಂತಳು, ಬೇಳೆ ತಳ ಹಿಡಿಯುವ ತನಕ ನಿಂತಳು. ಹೊರಗೆ ಬಂದಾಗ ಅವನು ಗಂಟು ಕಟ್ಟಿ ಆಗಿತ್ತು. ಸಂಜೆಗೆ ಹೇಳೋಣ ಅಂದುಕೊಂಡಳು. ನಾಳೆ ಹೇಳೋಣ ಅಂದುಕೊಂಡಳು. ಆಮೇಲೆ ಗಂಗಾಳ ಒಲೆಯ ಮುಂದೆ ಕೂರುವುದು ಬಿಟ್ಟರೆ ಸಾಕು, ಹಸಿರು ಗಂಟು ತಾನೇ ಸರಿಹೋಗುತ್ತದೆ ಅಂದುಕೊಂಡಳು. ಬಿಡಲಾಗಲಿಲ್ಲ. ಕುಡುಕನಿಗೆ ಸೇಂದಿಯ ವಾಸನೆ ಹೇಗೋ ಇವಳಿಗೆ ಬಿಸಿ ಎಸರು ಬಿದ್ದ ಜೋಳದ ಹಿಟ್ಟಿನ ವಾಸನೆ ಹಾಗೆ. ಇನ್ನೊಂದು ಸಲ, ಇವತ್ತು ತೆಳ್ಳಗೆ ಬಂದೀತು. ಹಸಿರು ಗಂಟು ಮತ್ತೆ ವಾಪಸು ಬಂತು, ಮತ್ತೆ ಬಂತು. ಚಲುವಯ್ಯ ಫೋನು ಮಾಡಿದರು. ಒಬ್ಬರಿಂದ ಎಲ್ಲರ ಹೊಟ್ಟಿ ಮ್ಯಾಲ ಹೊಡತ ಬೀಳ್ತದ ದೊಡ್ಡವ್ವ, ಅಂದ ರಾಜಶೇಖರ. ಅದೂ ನ್ಯಾಯವಾಗಿಯೇ ಇತ್ತು.

“ಬ್ಯಾಡ ಅಂದ್ರ?” ಗಂಗಾ ಹಂಚು ಹಿಡಿದುಕೊಂಡೇ ಕೇಳಿದಳು.

ತಾನು ಏನು ಹೇಳಬೇಕೆಂದು ಸುಭದ್ರಮ್ಮನಿಗೆ ಗೊತ್ತಿತ್ತು, ಆದರೆ ನಾಲಗೆ ತನಗೆ ಸುಲಭವಾದ ದಾರಿ ಹಿಡಿದುಬಿಟ್ಟಿತು. “ಪಂಚಮಿ ಮುಗಿದು ಎರಡು ದಿನ ಆಗಿಲ್ಲ. ಮಗಳಾಗಿ ಬಂದಾಕಿ ಒಲಿ ಮುಂದ ಕುಂದುರ್ತಾಳೇನು? ಅಲ್ಲಿ ಟೇಬಲ್ ಮುಂದ ಕುಂದುರು. ಉಂಡು ಹೋಗು.”

ಗಂಗಾ ನಕ್ಕಳು. ಅವಳ ನಗು ಕಂಡು ಸುಭದ್ರಮ್ಮನಿಗೆ ಬದನೆಕಾಯಿಯ ಬುಟ್ಟಿಯೊಳಗೆ ತಲೆ ತೂರಿಸಿಕೊಳ್ಳೋಣ ಅನ್ನಿಸಿತು. ಗಂಗಾಗೆ ತವರಿಲ್ಲ. ತಾಯಿ ಸತ್ತ ಮೇಲೆ ಅಣ್ಣಂದಿರು ಅವಳ ಹೆಸರು ಮರೆತರು. ಗಂಡ ಸಾಯಬಣ್ಣ ಕುಡಿದ ದಿನ ಮೊದಲು ಎತ್ತುವ ಮಾತೇ ಅದು, ನಿನ್ನ ಹಿಂದ ಯಾರದಾರ. ಪಂಚಮಿಯ ದಿನ ಓಣಿಯ ಹೆಂಗಸರೆಲ್ಲ ಊರಿನ ಬಸ್ಸು ಹಿಡಿದರೆ ಇವಳು ಮಾತ್ರ ಕೆಲಸಕ್ಕೆ ಬರುತ್ತಿದ್ದಳು, ಪ್ರತಿ ವರ್ಷ, ಏನೂ ಆಗದವಳ ಹಾಗೆ. ಈ ವರ್ಷ ಉಡಿ ತುಂಬಿಸಿಕೊಂಡಳು. ಅದರ ಯೋಚನೆ ಸುಭದ್ರಮ್ಮನಿಗೆ ಬಂದದ್ದು ತನ್ನ ಊರಿನ ಗೌಡರ ಮನೆಯಿಂದ. ಅಲ್ಲಿ ಮನೆಗೆಲಸದವಳನ್ನು ಬಿಡಿಸಬೇಕಾದರೆ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಒಂದು ಶುಕ್ರವಾರ ಗೌಡತಿ ಅವಳನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಬೇರು, ಖಣ ಉಡಿಗೆ ಹಾಕಿ ಬಾಗಿಲ ತನಕ ಬಂದು ಕಳಿಸುತ್ತಿದ್ದಳು, ಮರುದಿನದಿಂದ ಅವಳು ಬರುತ್ತಿರಲಿಲ್ಲ. ಹಾಗೆ ಉಡಿ ತುಂಬಿಸಿಕೊಂಡು ಬಂದವರಲ್ಲಿ ಸುಭದ್ರಮ್ಮನ ತಾಯಿಯೂ ಒಬ್ಬಳು. ಹೊಲದ ದಾರಿಯಲ್ಲಿ ಉಡಿ ಹಿಡಿದುಕೊಂಡು ನಡೆದು ಬಂದ ತಾಯಿ ಹೊಸ್ತಿಲ ಮೇಲೆ ಕೂತವಳು ದೀಪ ಹಚ್ಚುವ ತನಕ ಒಳಗೆ ಬರಲಿಲ್ಲ. ಆ ಕೊಬ್ಬರಿ ಬಟ್ಟಲನ್ನು ಮನೆಯಲ್ಲಿ ಯಾರೂ ತಿನ್ನಲಿಲ್ಲ, ಗೋಡೆಯ ಮಾಡದಲ್ಲಿ ಇಟ್ಟಲ್ಲೇ ಹುಳ ಬಿದ್ದು ಪುಡಿಯಾಯಿತು. ಅದನ್ನು ಮರ್ಯಾದೆ ಎಂದು ಸುಭದ್ರಮ್ಮ ಇಷ್ಟು ವರ್ಷ ಹೇಗೆ ನೆನಪಿಟ್ಟುಕೊಂಡಿದ್ದಳೋ. ಬೈದು ಕಳಿಸುವುದಕ್ಕಿಂತ ಇದು ಮೇಲು, ಗಂಗಾಗೆ ತಿಳಿಯುತ್ತದೆ, ನಮ್ಮ ಕಡೆಯವಳೇ ಅಲ್ಲವೇ, ಅಂದುಕೊಂಡಳು. ಆದರೆ ಗಂಗಾ ಗೌಡರ ಮನೆ ಕಂಡವಳಲ್ಲ. ಅವಳು ಕಂಡ ಉಡಿ ಒಂದೇ, ತಾಯಿ ಮಗಳಿಗೆ ತುಂಬುವುದು. ಅದೂ ಪಂಚಮಿಯ ದಿನ.

ಗಂಡ ಸತ್ತವಳ ಕೈಯಿಂದ ಉಡಿ ತುಂಬುವ ಹಾಗಿಲ್ಲ. ಅದಕ್ಕೆ ರಾಜೇಶ್ವರಿಯನ್ನು ಮುಂದೆ ಮಾಡಿ, ಸುಭದ್ರಮ್ಮ ಅಡುಗೆಮನೆಯ ಪರದೆಯ ಹಿಂದೆ ನಿಂತಿದ್ದಳು. ಅಕ್ಕಿ ಬೀಳುವ ಸದ್ದು ಕೇಳಿಸಿತು. ಉಡಿ ತುಂಬಿದ ಮೇಲೆ ಇನ್ನು ಕೆಲಸಕ್ಕ ಬರೋದು ಬ್ಯಾಡ ಅಂತ ನೀನೇ ಒಂದು ಮಾತು ಹೇಳು ಎಂದು ರಾಜೇಶ್ವರಿಗೆ ಮೊದಲೇ ಹೇಳಿದ್ದಳು. ರಾಜೇಶ್ವರಿ ಇವಳ ಮುಖವನ್ನು ಹೊಸದಾಗಿ ನೋಡುವವಳ ಹಾಗೆ ನೋಡಿ, ಉಡಿ ತುಂಬ್ಕೋತ ಯಾರರ ಅಂಥ ಮಾತು ಆಡ್ತಾರೇನ್ರಿ ಅವ್ವಾರೆ, ಅಂದಿದ್ದಳು. ಪರದೆಯ ಸಂದಿಯಿಂದ ಕಂಡದ್ದು ಗಂಗಾಳ ಕೈಗಳು ಮಾತ್ರ, ಸೆರಗು ಹರವಿ ಹಿಡಿದ ಕೈಗಳು. ಅತ್ತಳು. ಅಳುವುದು ಕೇಳಿ ಸುಭದ್ರಮ್ಮನಿಗೆ ಸಮಾಧಾನವಾಯಿತು. ತಿಳಿಯಿತು ಅವಳಿಗೆ, ಇನ್ನು ಹೇಳುವುದು ಬೇಡ. ರಾತ್ರಿ ರಾಜಶೇಖರ ಫೋನಿನಲ್ಲಿ ಹೇಳಿದಿ ಹೌದಲ್ಲ ದೊಡ್ಡವ್ವ ಎಂದು ಕೇಳಿದಾಗ ಹೇಳೀನಿ ಅಂದಳು. ಆ ಸುಳ್ಳು ಸುಳ್ಳೆಂದು ಅವಳಿಗೆ ಅನ್ನಿಸಲೇ ಇಲ್ಲ. ಮರುದಿನ ಗಂಗಾ ಬರಲೂ ಇಲ್ಲ.

ಈಗ ಗಂಗಾ ಗಿರಾಕಿಗಳು ಕೂರುವ ಟೇಬಲ್ಲಿನ ಮುಂದೆ, ಗೋಡೆಯ ಕಡೆಗೆ, ಕಾಲು ಮೇಲೆತ್ತಿಕೊಳ್ಳಬೇಕೋ ಬಿಡಬೇಕೋ ತಿಳಿಯದೆ ಕೂತಿದ್ದಳು. ಇಷ್ಟು ವರ್ಷದಲ್ಲಿ ಆ ಟೇಬಲ್ಲನ್ನು ಸಾವಿರ ಸಲ ಒರೆಸಿದ್ದಳು, ಒಮ್ಮೆಯೂ ಅದರ ಮುಂದೆ ಕೂತಿರಲಿಲ್ಲ. ಸುಭದ್ರಮ್ಮ ತಾನೇ ಬಡಿಸಿದಳು, ಎಡಗೈಯಿಂದ ತಟ್ಟೆ ಇಟ್ಟು, ಪುಂಡಿಪಲ್ಯ, ಬೇಳೆ, ಹಿಂಡಿ, ಮೇಲೆ ಬೆಣ್ಣೆ, ರಾಜೇಶ್ವರಿಯ ಹಂಚಿನಿಂದ ಎತ್ತಿದ ರೊಟ್ಟಿ. ಎಡಗೈಯಿಂದ ಬಡಿಸುವುದೇ ಎಂದು ಗಂಗಾ ಕೇಳಲಿಲ್ಲ. ಅವಳು ಮಾತಾಡುತ್ತಿದ್ದಳು. ಉಡಿಯ ಅಕ್ಕಿಯಿಂದ ಪಾಯಸ ಮಾಡಿ ಓಣಿಗೆಲ್ಲ ಹಂಚಿದಳಂತೆ. ಸಾಯಬಣ್ಣ ನಿನ್ನೆ ಕುಡಿದು ಬಂದು, ವಾಡಿಕೆಯ ಹಾಗೆ, ನಿನ್ನ ಹಿಂದ ಯಾರದಾರ ಅಂದನಂತೆ. ಬೈಯಪ್ಪನಹಳ್ಳ್ಯಾಗ ನಮ್ಮವ್ವ ಅದಾಳ, ಬೇಕಾದ್ರ ಕೇಳಿಕೊಂಡು ಬಾ ಎಂದು ಇವಳು ಮೊದಲ ಸಲ ತಿರುಗಿ ನಿಂತಳಂತೆ. ಅವನು ಸುಮ್ಮನೆ ಮಲಗಿದನಂತೆ, ಪರಮಾತ್ಮನೇ ಬಂದು ಹೇಳಿದ ಹಾಗೆ. ಹೇಳುತ್ತಾ ಅವಳು ತುತ್ತು ಎತ್ತುವುದನ್ನು ಮರೆಯುತ್ತಿದ್ದಳು. ಬೇಗ ಉಣ್ಣು ಎಂದು ಸುಭದ್ರಮ್ಮ ಅಂದಳು, ಬೇಗ ಎನ್ನುವ ಮಾತು ತಾಯಿ ಆಡುವ ಹಾಗೆ ಕೇಳಿಸಿತೋ ಎಂಥದೋ, ಗಂಗಾ ಇನ್ನೂ ನಿಧಾನ ಮಾಡಿದಳು. ಬಾಗಿಲ ಕಡೆ ಬೆನ್ನು ಮಾಡಿ ನಿಂತ ಸುಭದ್ರಮ್ಮನ ಬೆನ್ನಿಗೆಲ್ಲ ಕಣ್ಣು ಮೂಡಿದ್ದವು. ಹೇಳಬೇಕು. ಒಂದಲ್ಲ, ಎರಡು ಹೇಳಬೇಕು. ಬಿಡಿಸಿದ್ದೇನೆ ಎನ್ನುವುದು ಒಂದು. ರೊಟ್ಟಿ ನಿನ್ನದಲ್ಲ, ನನ್ನದು ಎನ್ನುವುದು ಇನ್ನೊಂದು. ಎರಡನೆಯದು ಹೇಳಿದರೆ ಮೊದಲನೆಯದಕ್ಕೆ ಅರ್ಥವಿಲ್ಲ. ಮೊದಲನೆಯದನ್ನು ಮಾತ್ರ ಹೇಳಿದರೆ ಅವಳ ಮುಖಕ್ಕೆ ಉಗಿದು ಅರಿಶಿಣ ತೊಳೆದ ಹಾಗೆ. ಎರಡನ್ನೂ ಹೇಳದೆ ಇನ್ನೊಂದು ರೊಟ್ಟಿ ಹಾಕಿದಳು.

ಆಟೋ ನಿಂತಿತು. ರಾಜಶೇಖರ ಇಳಿದ, ಚಲುವಯ್ಯ ಇಳಿದರು. ಬಾವಿಯ ಹಗ್ಗದಷ್ಟು ಉದ್ದದ ಟೈ ಕಟ್ಟಿಕೊಂಡ, ಪಾಪ, ಸಾಧು ಮನುಷ್ಯ. ಹೊಸ್ತಿಲಲ್ಲೇ ಬೂಟು ಕಳಚಲು ಹೋಗಿ, ಬ್ಯಾಡ್ರಿ ಎನ್ನಿಸಿಕೊಂಡು, ಒಂದು ಬೂಟಿನ ದಾರ ಬಿಚ್ಚಿದ್ದನ್ನು ಹಾಗೇ ಬಿಟ್ಟು ಒಳಗೆ ಬಂದರು. ರಾಜಶೇಖರ ಗಂಗಾಳನ್ನು ಕಂಡ. ಅವನ ಮುಖ ಒಂದು ಕ್ಷಣ ಬಿಳಚಿ, ದೊಡ್ಡವ್ವನ ಕಡೆ ತಿರುಗಿತು. ಸುಭದ್ರಮ್ಮ ಗೋಡೆಯ ಬಸವಣ್ಣನ ಪಟ ನೋಡಿದಳು. ಚಲುವಯ್ಯ ಒಲೆ ನೋಡಿದರು, ನೀರಿನ ಡ್ರಮ್ಮು ನೋಡಿದರು, ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡರೆ ಒಳ್ಳೆಯದು ಎಂದು ತುಂಬಾ ಸಂಕೋಚದಿಂದ ಹೇಳಿದರು, ಆರಿದ ನಾಲ್ಕನೆಯ ಒಲೆಯನ್ನು ನೋಡಿ ತಲೆಯಾಡಿಸಿದರು. ಹೊರಗೆ ಬಂದು, ಒಬ್ಬಳೇ ಕೂತು ಉಣ್ಣುತ್ತಿದ್ದ ಹೆಂಗಸನ್ನು ಕಂಡು ಇವರು ಯಾರು ಎಂದು ಕೇಳಿದರು.

“ನನ್ನ ಮಗಳ್ರಿ,” ಅಂದಳು ಸುಭದ್ರಮ್ಮ. “ಪಂಚಮಿಗಿ ಬಂದಾಳ.”

ಗಂಗಾ ಎದ್ದು ನಿಲ್ಲಲು ಹೋದಳು, ಚಲುವಯ್ಯ ಕೂತ್ಕೊಳ್ಳಿ ಕೂತ್ಕೊಳ್ಳಿ ಅಂದರು. ಆ ಹೊತ್ತು ಗಂಗಾಳ ಮುಖ ಹೇಗಿತ್ತು ಎಂದು ಆಮೇಲೆ ಸುಭದ್ರಮ್ಮ ಎಷ್ಟು ಸಲ ನೆನೆಸಿಕೊಳ್ಳಲು ಹೋದರೂ ಒಂದು ಬೆಳಕು ಬಿಟ್ಟು ಬೇರೇನೂ ನೆನಪಾಗುತ್ತಿರಲಿಲ್ಲ. ಅದರ ಹಿಂದೆಯೇ, ಅದರ ಮೇಲೆಯೇ ಎನ್ನುವಷ್ಟು ಹತ್ತಿರ, ಚಲುವಯ್ಯನವರ ಮಾತು ಬಂತು.

“ಆ ಹಸಿರು ಬಟ್ಟೆಯವ್ರದ್ದೊಂದು ಪ್ರಾಬ್ಲಮ್ ಇತ್ತಲ್ಲ ರಾಜಶೇಖರ್, ಅದೇನಾಯ್ತು?”

“ಅದು ಕ್ಲೋಸ್ ಆಯ್ತು ಸರ್.” ರಾಜಶೇಖರ ನೆಲ ನೋಡಿಕೊಂಡು ಹೇಳಿದ. “ಅವ್ರನ್ನ ಬಿಡಿಸಿದೀವಿ.”

ಒಳಗೆ ಹೆಂಗಸರ ಬಡಿತ ನಡೆದೇ ಇತ್ತು, ಹಳದಿಯದು, ಕೆಂಪಿನದು, ನೀಲಿಯದು. ಗಂಗಾಳ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಹೇಳು, ಈಗಲಾದರೂ ಹೇಳು, ಎಂದು ಸುಭದ್ರಮ್ಮ ತನಗೆ ತಾನೇ ಅಂದುಕೊಂಡಳು. ಅವಳು ಬಾಯಿ ತೆರೆದಳು, ನಿಜವಾಗಿ ತೆರೆದಳು, ರಾಜಶೇಖರ ತಲೆ ಎತ್ತಿ ನೋಡಿದ, ಚಲುವಯ್ಯ ಕೇಳಿಸಿಕೊಳ್ಳಲು ಬಾಗಿದರು ಕೂಡ, ಮತ್ತು ಆ ತೆರೆದ ಬಾಯಿಂದ ಚಾ ತಗೋತೀರೇನ್ರಿ ಸಾಹೇಬ್ರೆ ಎನ್ನುವ ಮಾತು ಬಂತು. ಬೇಡಮ್ಮ, ಇನ್ನೊಂದು ದಿನ, ಅಂದರು ಅವರು. ಗಂಗಾ ತುತ್ತನ್ನು ಬಾಯಿಗಿಟ್ಟಳು. ಅಗಿದಳು. ಅಗಿಯುವುದನ್ನು ಅಷ್ಟು ಹೊತ್ತು ಮಾಡಿದವರನ್ನು ಸುಭದ್ರಮ್ಮ ಕಂಡಿರಲಿಲ್ಲ, ಒಂದು ಯುಗ ಅಗಿದಳು, ಕಲ್ಲನ್ನು ಅಗಿದಳು. ಹೋಗುವಾಗ ಚಲುವಯ್ಯನವರು ಮರ್ಯಾದೆಗೆ ಅವಳ ಕಡೆ ತಿರುಗಿ, ನಿಮ್ಮ ತಾಯಿಯವರ ಕೈ ಬಹಳ ಚೆನ್ನಾಗಿದೆ ಅಂದರು.

“ಹೌದ್ರಿ ಸಾಹೇಬ್ರೆ,” ಅಂದಳು ಗಂಗಾ. ಅವಳ ದನಿ ನೆಟ್ಟಗಿತ್ತು. “ನಾನೂ ಅಕಿ ಕಡೀಂದಾನೇ ಕಲ್ತೀನಿ.”

ಅವರು ಆಟೋ ಹತ್ತಿದರು. ರಾಜಶೇಖರ ಹತ್ತುವ ಮೊದಲು ಒಂದು ಸಲ ದೊಡ್ಡವ್ವನ ಕಡೆ ತಿರುಗಿ ನೋಡಿದ. ಗಂಗಾ ತಟ್ಟೆಯಲ್ಲಿ ಒಂದು ಚೂರೂ ಬಿಡದೆ ಉಂಡಳು, ಬೆಣ್ಣೆಯನ್ನು ಬೆರಳಿನಿಂದ ಬಳಿದಳು. ಸುಭದ್ರಮ್ಮ ಕಾದಳು. ಬೈಯುತ್ತಾಳೆ, ಕುಬಸ ಹರಿದು ಮುಖದ ಮೇಲೆ ಎಸೆಯುತ್ತಾಳೆ, ಓಣಿಯ ಮಂದಿ ಸೇರುವ ಹಾಗೆ ಕಿರುಚುತ್ತಾಳೆ. ಹಾಗಾದರೆ ಎಷ್ಟು ಚೆನ್ನ, ಬೈಗುಳದ ನಡುವೆ ತಾನೂ ಕೂಗಿ ಹೇಳಿಬಿಡಬಹುದು, ಕೂಗುವಾಗ ಸತ್ಯ ಹೇಳುವುದು ಅವಳಿಗೆ ಸುಲಭ. ಗಂಗಾ ಎದ್ದಳು. ಕೈ ತೊಳೆದಳು. ತಟ್ಟೆಯನ್ನು ಎತ್ತಲು ಬಾಗಿ, ಎತ್ತದೆ, ಅಲ್ಲೇ ಬಿಟ್ಟಳು. ಸೊಂಟಕ್ಕೆ ಸಿಕ್ಕಿಸಿದ್ದ ನೆರಿಗೆಯನ್ನು ಇಳಿಬಿಟ್ಟು ಸರಿಮಾಡಿಕೊಂಡಳು. ಹತ್ತಿರ ಬಂದು ನಿಂತಳು, ಕಾಲು ಮುಟ್ಟುತ್ತಾಳೋ ಎನ್ನುವಷ್ಟು ಹತ್ತಿರ.

“ಅವ್ವ,” ಅಂದಳು. “ಮುಂದಿನ ಪಂಚಮಿಗಿ ನನ್ನ ಕರೀಲಾಕ ಯಾರನ್ನ ಕಳಸ್ತಿ?”

ತವರಿನಿಂದ ಕರೆಯಲು ಅಣ್ಣ ಹೋಗಬೇಕು, ತಮ್ಮ ಹೋಗಬೇಕು. ಸುಭದ್ರಮ್ಮನಿಗೆ ಮಗನಿಲ್ಲ. ಬೆಂಗಳೂರಿನಷ್ಟು ದೊಡ್ಡ ಊರಿನಲ್ಲಿ, ಇಷ್ಟು ಕೋಟಿ ಮಂದಿ ನಡುವೆ, ಗಂಗಾ ವಾಸವಿದ್ದ ಸೆಂಟ್ರಿಂಗ್ ಕೆಲಸದವರ ಶೆಡ್ಡಿನ ಬಾಗಿಲಿಗೆ ಹೋಗಿ ಗಂಗಾ ಬಾ ಎಂದು ಕರೆಯಲು ಅವಳಿಗೆ ಒಬ್ಬರೂ ಇರಲಿಲ್ಲ.

“ತವರಿನವರು ಕರೀಲಾರದ ಹೋಗಬಾರದಂತ.” ಗಂಗಾ ಸೆರಗನ್ನು ಹೊಸ ಕುಬಸದ ಮೇಲೆ ಎಳೆದುಕೊಂಡಳು, ಎರಡೂ ತೋಳು ಮುಚ್ಚುವ ಹಾಗೆ. “ಇವತ್ತ ನಾ ಕರೀಲಾರದ ಬಂದುಬಿಟ್ಟೆ ನೋಡು.”

ಹೋದಳು. ಈ ಸಲ ಕಾಲುಂಗುರದ ಸದ್ದು ಹೊಸ್ತಿಲು ದಾಟಿದ ಕೂಡಲೇ ಕೇಳಿಸದಾಯಿತು. ಊಟದ ಹೊತ್ತಾಗಿತ್ತು, ಮಂದಿ ಬರತೊಡಗಿದ್ದರು, ಬೆಂಚು ಎಳೆಯುತ್ತಿದ್ದರು. ಮೂರು ಒಲೆಯಿಂದ ತೀರುವ ಗದ್ದಲ ಅದಲ್ಲ. ಸುಭದ್ರಮ್ಮ ಒಳಗೆ ಹೋಗಿ ಗೋಡೆಯ ಹಂಚನ್ನು ನಾಲ್ಕನೆಯ ಒಲೆಯ ಮೇಲೆ ಇಟ್ಟು, ಬೆಂಕಿ ಹಚ್ಚಿ, ಅದರ ಮುಂದೆ ಕೂತಳು. ಎಲ್ಲರ ಎದುರಿಗೆ, ಹಗಲು ಹೊತ್ತಿನಲ್ಲಿ, ಜ್ವರ ಬಂದ ಮೇಲೆ ಮೊದಲ ಸಲ. ಉಂಡೆ ಮಾಡಿ ಬಡಿದಳು. ಹೆಬ್ಬೆರಳು ಅಂಚನ್ನು ತಿರುಗಿಸಲಿಲ್ಲ, ರೊಟ್ಟಿ ನಡುವೆ ಹರಿಯಿತು. ಮುದ್ದೆ ಮಾಡಿ ಮತ್ತೆ ನಾದಿ ಬಡಿದಳು. ಹರಿಯಿತು. ಪಕ್ಕದ ಬಡಿತಗಳು ಒಂದೊಂದಾಗಿ ನಿಂತವು. ಈಚಿ ಬರ್ರಿ ಅವ್ವಾರೆ, ನಾ ಮಾಡ್ತೀನಿ ಎಂದು ರಾಜೇಶ್ವರಿ ಹೇಳಲು ಬಾಯಿ ತೆರೆದವಳು, ಹಿಟ್ಟಿನ ಮೇಲೆ ಊರಿದ ಆ ಹೆಬ್ಬೆರಳಿನ ಗುಳಿ ನೋಡಿ, ವಾಪಸು ಬಂದ ಹಸಿರು ಗಂಟುಗಳನ್ನು ತಾನೇ ಎಷ್ಟೋ ಸಲ ಬಿಚ್ಚಿ ಅದೇ ಗುಳಿ ಕಂಡವಳು, ಬಾಯಿ ಮುಚ್ಚಿಕೊಂಡಳು. ಮೂವರೂ ಅವಳ ಕೈಯನ್ನೇ ನೋಡುತ್ತಿದ್ದರು. ಸುಭದ್ರಮ್ಮ ತಲೆ ಎತ್ತಲಿಲ್ಲ, ಕೈಯನ್ನು ಸೆರಗಿನೊಳಗೆ ಸೇರಿಸಲೂ ಇಲ್ಲ. ಹರಿದ ಹಿಟ್ಟನ್ನು ಒಟ್ಟುಮಾಡುತ್ತಿದ್ದಳು. ಹೊರಗಿನ ಬೆಂಚಿನಿಂದ ಯಾರೋ ರೊಟ್ಟಿ ಕೇಳಿದರು.